ಅಕ್ಕನ ಅರ್ಜಿ

ತನ್ನ ಎಡಗಾಲನ್ನು ಅಕ್ಕನ ಮಡಿಲಿಗೆ ಒಪ್ಪಿಸಿ ಕೂತಿದ್ದವಳಿಗೆ ಆ ಹೊತ್ತಿನಲ್ಲಿ ಅಕ್ಕನ ಮೇಲೆಯೇ ಹೊಟ್ಟೆಕಿಚ್ಚು ಹುಟ್ಟಬಾರದಿತ್ತು. ಅಕ್ಕ ಗಿಡ್ಡ ಸ್ಟೂಲಿನ ಮೇಲೆ ಕೂತು, ಮೊಣಕಾಲಿನಿಂದ ಪಾದದವರೆಗೆ ವ್ಯಾಸಲೀನ್ ಸವರಿ, ಮೂಳೆ ಎದ್ದು ಕಾಣುವ ಕಡೆಯಲ್ಲೆಲ್ಲ ನೇರಳೆ ಪೆನ್ಸಿಲಿನಿಂದ ಗುಂಡಗೆ ಗುರುತು ಹಾಕಿ, ಈಗ ಪ್ಲಾಸ್ಟರ್ ಪಟ್ಟಿಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ಗುಳ್ಳೆ ಏಳುವುದು ನಿಲ್ಲಲಿ ಎಂದು ಕಾಯುತ್ತಿದ್ದಳು. ಕೃತಕ ಕಾಲು ಮತ್ತು ಕಾಲಿಗೆ ಆಸರೆ ಕೊಡುವ ಪಟ್ಟಿಗಳನ್ನು ಮಾಡಲು ಕಲಿಸುವ ಆ ಕಾಲೇಜಿನ ಎರಡನೇ ವರ್ಷದಲ್ಲಿ ಇಪ್ಪತ್ತೆರಡು ಜನ. ಮಕ್ಕಳಿದ್ದವರು ಇಬ್ಬರೇ. ಜೋಡಿ ಮಾಡಿಕೊಳ್ಳಿ ಎಂದು ಮೇಷ್ಟ್ರು ಹೇಳಿದಾಗಲೆಲ್ಲ ಉಳಿದ ಇಪ್ಪತ್ತು ಜನ ತಮ್ಮ ತಮ್ಮಲ್ಲೇ ಸೇರಿಕೊಂಡು, ಇವರಿಬ್ಬರು ಮಿಕ್ಕವರಾಗಿ ಒಬ್ಬರಿಗೊಬ್ಬರು ಸಿಗುತ್ತಿದ್ದರು. ಅವಳಿಗೆ ಇಪ್ಪತ್ತೆಂಟು, ಅಕ್ಕನಿಗೆ ಮೂವತ್ತೇಳು. ತರಗತಿಯೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ಮೇಷ್ಟ್ರೂ ಒಮ್ಮೆ ಬಾಯಿ ತಪ್ಪಿ ಅಕ್ಕ ಎಂದು ಕರೆದು, ಕೆಮ್ಮಿ, ಹಲಗೆಯ ಕಡೆ ತಿರುಗಿಕೊಂಡಿದ್ದರು.

ಒದ್ದೆ ಪಟ್ಟಿ ಕಾಲಿಗೆ ಸುತ್ತಿಕೊಳ್ಳುವಾಗ ಮೊದಲು ತಣ್ಣಗಿತ್ತು. ಅಕ್ಕನ ಅಂಗೈ ಹಿಮ್ಮಡಿಯಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ, ಸುಕ್ಕು ಉಳಿಯದಂತೆ ಸವರುತ್ತಿತ್ತು. ಮನೆಯಲ್ಲಿ ಆರು ತಿಂಗಳಿಂದ ಮಗಳ ಕೈ ಬಿಟ್ಟರೆ ಇನ್ನೊಬ್ಬ ಮನುಷ್ಯನ ಕೈ ಅವಳನ್ನು ಮುಟ್ಟಿರಲಿಲ್ಲ. ಅದು ನೆನಪಾಗಿ ಅವಳು ಕಿಟಕಿಯ ಕಡೆ ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ಹೋದ ವರ್ಷದವರು ಮಾಡಿಟ್ಟ ಬಿಳಿ ಪಾದಗಳು ಸಾಲಾಗಿ ಧೂಳು ಹಿಡಿದು ನಿಂತಿದ್ದವು. ಅಲುಗಾಡಬೇಡ, ಗಟ್ಟಿಯಾಗಲಿ, ಎಂದು ಅಕ್ಕ ಹೇಳಿ ಕೈ ಒರೆಸಿಕೊಂಡು ಮಾತಿಗೆ ಶುರು ಮಾಡಿದಳು. ಮನೆ ಮಾಲೀಕರು ಈ ವರ್ಷ ಬಾಡಿಗೆ ಏರಿಸುವುದಿಲ್ಲ ಎಂದರಂತೆ. ಗಂಡನ ಅಣ್ಣ ಪಾಪುವಿಗೆಂದು ಮಂಚ ಕಳಿಸಿದನಂತೆ. ಗಂಡ ಕೆಲಸ ಮಾಡುತ್ತಿದ್ದ ಕಡೆಯವರು ಚಂದಾ ಎತ್ತಿ ಕೊಟ್ಟ ದುಡ್ಡಿನಲ್ಲಿ ಈ ವರ್ಷದ ಶುಲ್ಕ ಕಟ್ಟಿಯಾಯಿತಂತೆ. ಅಕ್ಕ ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತಿರಲಿಲ್ಲ, ಅಳುತ್ತಲೂ ಹೇಳುತ್ತಿರಲಿಲ್ಲ. ಸಂತೆಯಿಂದ ಬಂದವಳು ಚೀಲದಿಂದ ಒಂದೊಂದೇ ತೆಗೆದಿಡುವ ಹಾಗೆ ಹೇಳುತ್ತಿದ್ದಳು. ಕಾಲಿಗೆ ಅಂಟಿದ ಪ್ಲಾಸ್ಟರ್ ಮೆಲ್ಲಗೆ ಬಿಸಿಯಾಗತೊಡಗಿತು. ಗಟ್ಟಿಯಾಗುವಾಗ ಅದಕ್ಕೆ ತನ್ನದೇ ಒಂದು ಕಾವು ಬರುತ್ತದೆ. ಅದರ ಜೊತೆಗೇ ಅವಳೊಳಗೂ ಏನೋ ಏರಿತು.

ಅಕ್ಕನ ಗಂಡ ಒಂದು ವರ್ಷದ ಹಿಂದೆ ಎದೆನೋವಿನಿಂದ ಸತ್ತಿದ್ದ. ಆಗ ಪಾಪುವಿಗೆ ಒಂಬತ್ತು ತಿಂಗಳು. ಯಾರಾದರೂ ಕೇಳಿದರೆ ಅಕ್ಕ ‘ಹೋದರು’ ಎನ್ನುತ್ತಿದ್ದಳು. ಆ ಒಂದು ಮಾತಿಗೆ ಕೇಳಿದವರ ದನಿ ತಗ್ಗುತ್ತಿತ್ತು, ಕೈ ಅಕ್ಕನ ಭುಜದ ಮೇಲೆ ಬರುತ್ತಿತ್ತು, ಕುರ್ಚಿ ಖಾಲಿಯಾಗುತ್ತಿತ್ತು. ಮಗಳ ಅಪ್ಪ ಎಲ್ಲಿ ಎಂದು ಇವಳನ್ನು ಕೇಳಿದರೆ ಇವಳೂ ಅದೇ ಮಾತನ್ನು ಹೇಳಬೇಕಾಗಿತ್ತು: ‘ಹೋದ’. ಕೂಡಲೇ ಕೇಳಿದವರ ಕಣ್ಣು ಚುರುಕಾಗುತ್ತಿತ್ತು. ಯಾಕೆ, ಎನ್ನುತ್ತಿದ್ದರು. ಯಾಕೆ ಎಂದರೆ, ನೀನೇನು ಮಾಡಿದೆ ಎಂದು. ಸತ್ತವನ ಹೆಂಡತಿಯನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ತನ್ನನ್ನು ಬಿಟ್ಟವನೂ ಹಾಗೇ ಸತ್ತು ಹೋಗಿದ್ದರೆ, ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು. ಅನ್ನಿಸಿದ ತಕ್ಷಣ ಮಗಳ ತಲೆ ಮುಟ್ಟಿ ಕೂದಲು ಸರಿ ಮಾಡುವವಳಂತೆ ನಟಿಸುತ್ತಿದ್ದಳು. ಆದರೆ ಅನ್ನಿಸುವುದು ನಿಂತಿರಲಿಲ್ಲ. ಆಗ ತಾನೂ ಒಂದು ಬಿಳಿಚಿದ ಮುಖ ಮಾಡಿಕೊಂಡು ಎಲ್ಲರ ನಡುವೆ ಗೌರವದಿಂದ ಬಡವಳಾಗಿರಬಹುದಿತ್ತು.

ಕಾಲೇಜಿನ ನೆರವು ನಿಧಿಯಲ್ಲಿ ಈ ವರ್ಷ ಇನ್ನೊಬ್ಬರಿಗೆ ಆಗುವಷ್ಟೇ ಹಣ ಉಳಿದಿದೆ ಎಂಬ ನೋಟೀಸನ್ನು ಮೊದಲು ನೋಡಿದವಳು ಅಕ್ಕ. ಅರ್ಜಿಯ ಹಾಳೆ ಎರಡು ತಂದು ಒಂದನ್ನು ಇವಳಿಗೆ ಕೊಟ್ಟವಳೂ ಅಕ್ಕನೇ. ಇಬ್ಬರೂ ಪಕ್ಕಪಕ್ಕ ಕೂತು ತುಂಬಿದ್ದರು. ವಿವಾಹಿತೆ, ಅವಿವಾಹಿತೆ, ವಿಧವೆ, ವಿಚ್ಛೇದಿತೆ ಎಂಬ ನಾಲ್ಕು ಚೌಕಗಳಲ್ಲಿ ಅಕ್ಕ ಮೂರನೆಯದಕ್ಕೆ ಗೀಟು ಹಾಕಿ ಮುಂದೆ ಹೋದಳು. ಇವಳ ಪೆನ್ನು ಅಲ್ಲೇ ನಿಂತಿತು. ಏಳು ವರ್ಷ ಒಂದೇ ಮನೆಯಲ್ಲಿದ್ದರೂ ಇವಳೂ ಅವನೂ ಯಾವ ಕಚೇರಿಗೂ ಹೋಗಿ ಸಹಿ ಹಾಕಿದವರಲ್ಲ. ಕೂಡಿದ್ದಕ್ಕೆ ಕಾಗದ ಇಲ್ಲದ ಮೇಲೆ ಬಿಟ್ಟಿದ್ದಕ್ಕೆ ಎಲ್ಲಿಂದ ತರುವುದು. ಕೊನೆಗೆ ನೆರವು ಕಚೇರಿಯ ಗುಮಾಸ್ತೆ ಒಂದು ದಾರಿ ಹೇಳಿದ್ದಳು: ಮಗುವಿನ ತಂದೆ ಇಂಥ ತಿಂಗಳಿಂದ ತಾನು ಇವರ ಜೊತೆ ಇಲ್ಲ ಎಂದು ಬರೆದು ಸಹಿ ಹಾಕಿ ಕೊಟ್ಟರೆ ಸಾಕು. ಬುಧವಾರ ನಾಲ್ಕು ಗಂಟೆಯೊಳಗೆ. ಇವತ್ತೇ ಬುಧವಾರ.

ಅಕ್ಕ ಕತ್ತರಿಯಿಂದ ಅಚ್ಚನ್ನು ಮುಂಭಾಗದಲ್ಲಿ ಸೀಳಿ, ಎರಡು ಕೈಯಿಂದ ಅಗಲಿಸಿ, ಕಾಲನ್ನು ಹೊರಗೆ ಬಿಡಿಸಿದಳು. ಒಳಗಿನ ಗೋಡೆಯ ಮೇಲೆ ನೇರಳೆ ಗುರುತುಗಳು ಸರಿಯಾಗಿ ಮೂಡಿದ್ದವು. ಈ ಭಾನುವಾರ ಬಾ, ಮಕ್ಕಳು ಆಡಿಕೊಳ್ಳಲಿ, ಎನ್ನಲು ಹೋಗಿ ಅಕ್ಕ ತಾನೇ ನಿಲ್ಲಿಸಿ, ಭಾನುವಾರ ಆಗುವುದಿಲ್ಲ ಎಂದಳು. ರೆಡಿಮೇಡ್ ಅಂಗಡಿಯೊಂದರಲ್ಲಿ ಪ್ಯಾಂಟುಗಳ ಉದ್ದ ಕಡಿಮೆ ಮಾಡಿ ಹೊಲಿಯುವ ಕೆಲಸ ಹಿಡಿದಿದ್ದಾಳೆ, ಭಾನುವಾರ ಪೂರ್ತಿ, ವಾರದಲ್ಲಿ ಮೂರು ಸಂಜೆ. ಪ್ಯಾಂಟಿಗಿಷ್ಟು ಎಂದು ಕೈಗೇ ದುಡ್ಡು. “ಆಫೀಸಿನವರಿಗೆ ಗೊತ್ತಾದ್ರೆ ಅಷ್ಟೇ ನನ್ನ ಕಥೆ,” ಎಂದು ನಕ್ಕಳು. ಸಂಪಾದನೆ ಇರುವವರಿಗೆ ನೆರವು ಇಲ್ಲ ಎಂಬುದು ನೋಟೀಸಿನ ಎರಡನೇ ಸಾಲಿನಲ್ಲೇ ಇತ್ತು. ಇವಳೂ ನಕ್ಕಳು. ಕಾಲಿಗೆ ಅಂಟಿದ್ದ ಬಿಳಿ ಪುಡಿಯನ್ನು ತೊಳೆಯುತ್ತಾ, ತಾನು ಸ್ವಲ್ಪ ಹೆಚ್ಚೇ ನಕ್ಕೆನೇನೋ ಎಂದುಕೊಂಡಳು.

ಮಗಳ ಅಪ್ಪ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಸ್ಸಿದೆ. ಅವಳು ನಡೆದೇ ಹೋದಳು. ಈಗೀಗ ಬಸ್ಸಿನ ದುಡ್ಡು ಅವಳ ಕಣ್ಣಿಗೆ ಬಸ್ಸಿನ ದುಡ್ಡಾಗಿ ಕಾಣುವುದಿಲ್ಲ. ಮಗಳ ಒಂದು ಹೊತ್ತಿನ ಹಾಲಾಗಿ ಕಾಣುತ್ತದೆ. ಮೊದಲು ಹೀಗಿರಲಿಲ್ಲ. ಮನೆಯ ವ್ಯವಹಾರವೆಲ್ಲ ಅವನದು, ಓದುವುದು ಇವಳದು ಎಂಬ ಒಪ್ಪಂದವಿತ್ತು. ಯಾವುದರ ಬೆಲೆ ಎಷ್ಟು ಎಂದು ಇವಳಿಗೆ ಗೊತ್ತೇ ಇರಲಿಲ್ಲ. ಅವನು ಹೋದ ಮೇಲಿನ ಮೊದಲ ತಿಂಗಳು ಅಂಗಡಿಯ ಗಲ್ಲಾದ ಮುಂದೆ ಸಾಮಾನುಗಳನ್ನೆಲ್ಲ ಇಟ್ಟು, ಮೊತ್ತ ಕೇಳಿ, ಒಂದೊಂದನ್ನೇ ವಾಪಸ್ ತೆಗೆಯಬೇಕಾಯಿತು. ಹಿಂದೆ ಸಾಲು ಬೆಳೆಯುತ್ತಿತ್ತು. ಸೋಪು ತೆಗೆದಳು, ಸಾಲದು. ಬಿಸ್ಕತ್ತು ತೆಗೆದಳು. ಮಕ್ಕಳ ಶಾಂಪೂ ಬಾಟಲಿಗೆ ಕೈ ಹಾಕಿದಾಗ ಮಗಳು ಎಲ್ಲರಿಗೂ ಕೇಳುವಂತೆ, ಅದು ಬಿಡಮ್ಮ ಪರವಾಗಿಲ್ಲ, ಅಪ್ಪನ ಮನೆಯಲ್ಲಿ ಇದಕ್ಕಿಂತ ದೊಡ್ಡದಿದೆ, ಚಿಕ್ಕಮ್ಮ ತಂದಿದ್ದಾರೆ ಎಂದಳು. ಐದು ವರ್ಷದ ಮಗು, ಅಮ್ಮನಿಗೆ ಸಮಾಧಾನ ಹೇಳಿದ್ದು ಅದು. ಆದರೆ ಅವಳಿಗೆ ಕೇಳಿಸಿದ್ದು ಒಂದೇ ಪದ. ಚಿಕ್ಕಮ್ಮ. ಅಂದರೆ ಅಮ್ಮನ ತಂಗಿ. ಆ ಹೆಂಗಸು ಮನೆಗಷ್ಟೇ ಅಲ್ಲ, ತನ್ನ ಬೆನ್ನಿಗೆ ಬಿದ್ದು ಹುಟ್ಟಿದವಳ ಹಾಗೆ ತನ್ನ ರಕ್ತದೊಳಕ್ಕೇ ಬಂದು ಕೂತಂತೆ ಅನ್ನಿಸಿತು. ಆ ರಾತ್ರಿ ಮಗಳ ತಲೆಯನ್ನು ಮೈಸೋಪಿನಿಂದಲೇ ತೊಳೆದಳು, ಸ್ವಲ್ಪ ಒರಟಾಗಿ.

ಅಂಗಡಿಯಲ್ಲಿ ಅವನು ಒಬ್ಬ ಮುದುಕರಿಗೆ ಕನ್ನಡಕ ಹೊಂದಿಸುತ್ತಿದ್ದ. ಅವಳನ್ನು ನೋಡಿ ತಲೆ ಆಡಿಸಿ, ಕೂರು ಎಂಬಂತೆ ಕಣ್ಣಿನಲ್ಲೇ ಸ್ಟೂಲು ತೋರಿಸಿದ. ಗೋಡೆಯ ತುಂಬ ಕನ್ನಡಿಗಳು. ಯಾವ ಕಡೆ ಮುಖ ತಿರುಗಿಸಿದರೂ ತಾನೇ ಎದುರಾಗುತ್ತಿದ್ದಳು, ಕಾಲಿನ ಹತ್ತಿರ ಪ್ಲಾಸ್ಟರಿನ ಬಿಳಿ ಸಿಡಿದ ಪ್ಯಾಂಟಿನಲ್ಲಿ. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಕುರ್ಚಿ, ಅದರ ಪಕ್ಕ ಪರೀಕ್ಷೆ ಮಾಡುವವಳ ಕುರ್ಚಿ, ಅದರ ಬೆನ್ನಿಗೆ ಹಸಿರು ಸ್ವೆಟರು. ಊಟದ ಹೊತ್ತು, ಮಗಳು ಚಿಕ್ಕಮ್ಮ ಎನ್ನುವ ಆ ಹೆಂಗಸು ಇರಲಿಲ್ಲ. ಇಲ್ಲದ್ದು ಒಳ್ಳೆಯದಾಯಿತು ಎಂದುಕೊಂಡರೂ ಕಣ್ಣು ಸ್ವೆಟರನ್ನು ಬಿಡಲಿಲ್ಲ. ತೋಳಿನ ಹತ್ತಿರ ಒಂದು ಕಡೆ ನೂಲು ಎದ್ದಿತ್ತು. ಅಷ್ಟೇನೂ ದುಬಾರಿಯದಲ್ಲ. ಅದೂ ಒಂದು ತರಹ ಅವಮಾನವೇ ಆಯಿತು; ದುಬಾರಿಯದಾಗಿದ್ದರೆ ಅವನು ಹೋದದ್ದಕ್ಕೆ ಒಂದು ಕಾರಣ ಸಿಗುತ್ತಿತ್ತು.

ಮುದುಕರು ಹೋದ ಮೇಲೆ ಅವಳು ಚೀಲದಿಂದ ಕಾಗದ ತೆಗೆದು ಗಾಜಿನ ಮೇಜಿನ ಮೇಲಿಟ್ಟಳು. ತಾನೇ ಬರೆದು ತಂದಿದ್ದಳು, ಅವನು ಸಹಿ ಹಾಕಿದರೆ ಸಾಕು ಎಂಬಂತೆ. ಅವನು ಕಾಗದ ನೋಡುವ ಬದಲು ಅವಳ ಮುಖ ನೋಡಿದ. ಕನ್ನಡಕ ಒಂದು ಕಡೆ ವಾಲಿದೆ ಎಂದ. ಇರಲಿ ಎಂದಳು. ಅಷ್ಟರಲ್ಲಿ ಅವನ ಎರಡು ಕೈಗಳೂ ಅವಳ ಕಿವಿಗಳ ಹಿಂದೆ ಹೋಗಿ ಕನ್ನಡಕವನ್ನು ತೆಗೆದಾಗಿತ್ತು. ಅದು ಕೆಲಸದ ಅಭ್ಯಾಸ, ಅಷ್ಟೇ. ಇಡೀ ದಿನ ಊರವರ ಕಿವಿ ಮುಟ್ಟುವ ಕೈ. ಬಿಸಿಯಾದ ಸಣ್ಣ ಗಾಜಿನ ಮಣಿಗಳ ಬಟ್ಟಲಿನಲ್ಲಿ ಕನ್ನಡಕದ ಕಡ್ಡಿಯನ್ನು ಹೂತಿಟ್ಟು, ತೆಗೆದು, ಹೆಬ್ಬೆರಳಿನಿಂದ ಬಗ್ಗಿಸಿದ. ಅವಳಿಗೆ ಅಂಗಡಿಯೆಲ್ಲ ಮಸುಕು ಮಸುಕಾಗಿ, ಅವನೂ ಒಂದು ಮಸುಕಾಗಿ, ಅವನ ದನಿ ಮಾತ್ರ ಹತ್ತಿರದಿಂದ ಬರುತ್ತಿತ್ತು. ಮಗಳಿಗೆಂದು ಕೊಡುವ ಈ ತಿಂಗಳ ದುಡ್ಡನ್ನು ಮುಂದಿನ ವಾರ ಹಾಕುತ್ತೇನೆ ಎನ್ನುತ್ತಿದ್ದ. ಮಗಳಿಗೆ ಶೂ ಚಿಕ್ಕದಾಗಿದೆಯಲ್ಲ ಎಂದ. ಅವನು ಮತ್ತೆ ಕನ್ನಡಕ ಹಾಕಿದಾಗ ಕಡ್ಡಿಗಳು ಬೆಚ್ಚಗಿದ್ದವು. ಆ ಬಿಸುಪು ಕಿವಿಯ ಹಿಂದೆ ಆರಿದ ಮೇಲೆಯೇ ಅವಳು ಕಾಗದವನ್ನು ಅವನ ಕಡೆ ಸರಿಸಿದಳು. ತನ್ನ ಕಣ್ಣೆದುರೇ ತನಗೆ ಎಷ್ಟು ಕಡಿಮೆ ಸಾಕಾಗುತ್ತದೆ ಎಂದು ನಾಚಿಕೆಯಾಯಿತು.

ಆಮೇಲೆ ಅವನು ಕಾಗದ ಓದಿದ. ಎರಡು ಸಲ ಓದಿದ. ಜೇಬಿನಿಂದ ಪೆನ್ನು ತೆಗೆದು ಸಹಿಯ ಜಾಗಕ್ಕೆ ಬರುವ ಮೊದಲು ನಡುವೆ ಒಂದು ಕಡೆ ನಿಂತು, ‘ಆರು ತಿಂಗಳಿಂದ’ ಎಂಬುದರಲ್ಲಿ ಆರನ್ನು ಹೊಡೆದು ಮೇಲೆ ಎಂಟು ಎಂದು ಬರೆದ. ತಿದ್ದಿದ ಕಡೆ ಚಿಕ್ಕ ಸಹಿಯನ್ನೂ ಹಾಕಿದ.

“ಆರು,” ಎಂದಳು ಅವಳು. “ನೀನು ಮನೆ ಬಿಟ್ಟು ಆರು ತಿಂಗಳು.”

“ಮನೆ ಬಿಟ್ಟಿದ್ದು ಆರು.” ಅವನು ಪೆನ್ನಿನ ಟೋಪಿ ಮುಚ್ಚಿದ. “ಸುಳ್ಳು ಬರೆದುಕೊಟ್ಟ ಹಾಗಾಗಬಾರದಲ್ಲ. ಎಂಟಾಯ್ತು.”

ಅಷ್ಟೇ. ಯಾರೋ ಗಿರಾಕಿ ಬಂದರು. ಅವಳು ಕಾಗದ ಮಡಿಸಿ ಹೊರಗೆ ಬಂದು ಬಂದ ದಾರಿಯಲ್ಲೇ ನಡೆದಳು. ಎಂಟರಲ್ಲಿ ಆರು ಕಳೆದರೆ ಎರಡು. ಆ ಎರಡು ತಿಂಗಳು ಅವನು ಮನೆಯಲ್ಲಿದ್ದ. ಇವಳ ಪಕ್ಕದಲ್ಲೇ ಮಲಗುತ್ತಿದ್ದ, ಇವಳ ಪರೀಕ್ಷೆಯ ಬೆಳಗ್ಗೆ ಎದ್ದು ಕಾಫಿ ಮಾಡಿದ್ದ. ಆ ಎರಡು ತಿಂಗಳಲ್ಲೇ, ಒಂದು ಶನಿವಾರ, ಬಟ್ಟೆ ಒಗೆಯುವ ಮಶೀನು ಬಂದದ್ದು. ನೀನು ಓದುವವಳು, ಒಗೆಯುತ್ತಾ ಕೂರಬಾರದು ಎಂದು ಅವನೇ ಹಟ ಹಿಡಿದು ತಂದ. ವಿದ್ಯಾರ್ಥಿ ಎಂದರೆ ಬಡ್ಡಿ ಕಡಿಮೆ ಎಂದು ಕಂತನ್ನು ಇವಳ ಹೆಸರಿಗೇ ಮಾಡಿಸಿದ. ಮಶೀನಿನ ದೊಡ್ಡ ರಟ್ಟಿನ ಪೆಟ್ಟಿಗೆಗೆ ಕಿಟಕಿ ಕೊರೆದು ಮಗಳಿಗೆ ಮನೆ ಮಾಡಿಕೊಟ್ಟ. ಮಗಳು ಒಳಗೆ, ಇವರಿಬ್ಬರು ಹೊರಗೆ ನೆಲದ ಮೇಲೆ ಕೂತು ಬಾಗಿಲು ತಟ್ಟಿ, ಯಾರಿದ್ದೀರಿ ಒಳಗೆ, ಎಂದು ಕೇಳುವ ಆಟ. ಅವಳು ಆ ಸಂಜೆಯನ್ನು ಇಷ್ಟು ದಿನ ತನ್ನದೆಂದು ಎತ್ತಿಟ್ಟುಕೊಂಡಿದ್ದಳು. ಕೊನೆಗೆ ಏನೂ ಉಳಿಯದಿದ್ದರೂ ಅದಿದೆ ಎಂದು. ಈಗ ನೋಡಿದರೆ ಅಲ್ಲಿ ಬಾಗಿಲು ತಟ್ಟುತ್ತಿದ್ದವನು ಆಗಲೇ ಹಸಿರು ಸ್ವೆಟರಿನವಳ ಮನುಷ್ಯ. ಅವನು ಅಲ್ಲಿಂದ ಇಲ್ಲಿಗೆ ನೆಂಟನ ಹಾಗೆ ಬಂದು ಹೋಗುತ್ತಿದ್ದ. ಹೊರಡುವ ಮೊದಲು ಮನೆಗೆ ಒಂದು ಉಡುಗೊರೆ ಕೊಡಿಸಿದ, ಇವಳ ಖರ್ಚಿನಲ್ಲಿ. ಹದಿನೆಂಟು ಕಂತುಗಳಲ್ಲಿ ಇನ್ನೂ ಹನ್ನೊಂದು ಬಾಕಿ.

ಅವಳಿಗೆ ಅಳು ಬರಲಿಲ್ಲ. ಬಂದದ್ದು ವಿಚಿತ್ರವಾಗಿ ಅಕ್ಕನ ಮುಖ. ಅಕ್ಕನಿಗೆ ತನ್ನ ಗಂಡ ಹೋದ ದಿನ ಗೊತ್ತು, ಗಂಟೆ ಗೊತ್ತು, ಅದನ್ನು ಬರೆದ ಕಾಗದ ಇದೆ. ಯಾರೂ ಬಂದು ಅದನ್ನು ತಿದ್ದುವುದಿಲ್ಲ. ಆ ದಿನಕ್ಕಿಂತ ಹಿಂದಿನದೆಲ್ಲ ಅಕ್ಕನದೇ, ಯಾರೂ ಮುಟ್ಟದೆ ಹಾಗೇ ಇದೆ. ಅಕ್ಕ ಯಾವ ನೆನಪಿನೊಳಗೆ ಬೇಕಾದರೂ ಧೈರ್ಯವಾಗಿ ಕಾಲಿಡಬಹುದು. ಅದೆಲ್ಲ ಸಾಲದು ಎಂದು ಮಂಚ, ಚಂದಾ, ಬಾಡಿಗೆ, ಈಗ ನೆರವು ನಿಧಿ. ಜೊತೆಗೆ ಹೊಲಿಗೆಯ ದುಡ್ಡು ಬೇರೆ.

ನೆರವು ಕಚೇರಿ ಎಂದರೆ ಹಳೆಯ ಪ್ರಯೋಗಶಾಲೆಯನ್ನು ಹಲಗೆಯಿಂದ ಎರಡು ಮಾಡಿದ ಜಾಗ. ಮೂಲೆಯಲ್ಲಿ ನೀರು ಬರದ ಸಿಂಕು ಹಾಗೇ ಉಳಿದು, ಅದರೊಳಗೆ ಕಡತಗಳನ್ನು ಪೇರಿಸಿದ್ದರು. ಗುಮಾಸ್ತೆ ಐವತ್ತು ದಾಟಿದವಳು, ಯಾರ ಕಷ್ಟಕ್ಕೂ ಹೆಚ್ಚು ಮರುಗದೆ ಯಾರನ್ನೂ ಹೆಚ್ಚು ಕಾಯಿಸದೆ ಕೆಲಸ ಮಾಡುವವಳು. ಕಾಗದ ತೆಗೆದುಕೊಂಡು, ತಿದ್ದಿದ ಕಡೆ ಬೆರಳಿಟ್ಟು, ಎಂಟಾ ಎಂದು ಕೇಳಿದಳು. ಎಂಟು, ಎಂದು ಅವಳು ಹೇಳಿದಳು. ತನ್ನ ಬಾಯಿಂದಲೇ. ಗುಮಾಸ್ತೆ ಅದನ್ನು ಕಡತಕ್ಕೆ ಸೇರಿಸಿ, ಇಬ್ಬರ ಅರ್ಜಿಯೂ ನಾಳೆ ಸಮಿತಿಯ ಮುಂದೆ ಹೋಗುತ್ತದೆ, ಇಬ್ಬರಿಗೂ ಅರ್ಹತೆ ಇದೆ, ಆದರೆ ಚಿಕ್ಕ ಮಗು ಇರುವವರಿಗೆ ಮೊದಲು ಎಂಬುದು ವಾಡಿಕೆ ಎಂದಳು. ಸುಳ್ಳು ಆಸೆ ಹುಟ್ಟಿಸಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಹೇಳಿದ್ದು ಅದು. ಅವಳು ಚೀಲ ಹೆಗಲಿಗೇರಿಸಿ ಎದ್ದಳು. ಬಾಗಿಲವರೆಗೆ ಹೋದಳು. ಹೋದವಳು ಹೋಗಬಹುದಿತ್ತು.

“ಅವರಿಗೆ ಸಂಪಾದನೆ ಇದೆ,” ಎಂದು ಅವಳು ಅಲ್ಲಿಂದಲೇ ಹೇಳಿದಳು.

ಗುಮಾಸ್ತೆ ತಲೆ ಎತ್ತಿದಳು. ಯಾರಿಗೆ, ಏನು ಕೆಲಸ, ಎಲ್ಲಿ ಎಂದು ಒಂದೊಂದಾಗಿ ಕೇಳಿದಳು. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಅಂಗಡಿಯ ಹೆಸರು ಹೇಳಿದಳು, ಭಾನುವಾರ ಎಂದಳು, ಮೂರು ಸಂಜೆ ಎಂದಳು. ಮಾತು ಇಷ್ಟು ಸಲೀಸಾಗಿ ಬರುವುದು ಕಂಡು ಅವಳಿಗೇ ಆಶ್ಚರ್ಯ. ಗುಮಾಸ್ತೆ ಒಂದು ಬಿಳಿ ಹಾಳೆಯನ್ನು ಅವಳ ಕಡೆ ತಳ್ಳಿದಳು.

“ನೋಡಿ, ಹೀಗೆ ಬಾಯಲ್ಲಿ ಹೇಳಿ ಹೋದರೆ ನಾನು ಕೇಳಿಸಿಕೊಂಡಿಲ್ಲ ಅಂತಲೇ ಲೆಕ್ಕ. ಬರೆದು ಸಹಿ ಹಾಕಿದ್ರೆ ಸಮಿತಿಗೆ ಕಳಿಸ್ತೀನಿ. ಯೋಚನೆ ಮಾಡಿ.”

ಯೋಚನೆ ಮಾಡಲು ಕೊಟ್ಟ ಆ ಬಿಡುವೇ ಅವಳನ್ನು ಕೆಡಿಸಿತು. ಬೇಡ ಎಂದರೆ ತಾನು ಚಾಡಿ ಹೇಳಲು ಬಂದು ಹೆದರಿ ಹೋದವಳಾಗುತ್ತೇನೆ. ಬರೆದರೆ ಕಡೇಪಕ್ಷ ನಿಜ ಹೇಳಿದವಳು. ಸುಳ್ಳು ಬರೆದುಕೊಟ್ಟ ಹಾಗಾಗಬಾರದಲ್ಲ ಎಂದು ಅವನು ಹೇಳಿದ್ದು ಕಿವಿಯಲ್ಲಿತ್ತು. ಅವಳು ನಿಂತೇ ಬರೆದಳು, ನಾಲ್ಕು ಸಾಲು. ಅಕ್ಷರಗಳು ದುಂಡಗೆ ಚೆನ್ನಾಗಿ ಬಂದವು. ಸಹಿ ಹಾಕಿ ಹೊರಗೆ ಬಂದಾಗ ಗಡಿಯಾರದಲ್ಲಿ ನಾಲ್ಕಾಗಲು ಐದು ನಿಮಿಷ ಇತ್ತು.

ಮಕ್ಕಳನ್ನು ಬಿಡುವ ಶಿಶುಗೃಹ ಕಾಲೇಜಿನ ಹಿಂದಿನ ಬೀದಿಯಲ್ಲಿ. ನಾಲ್ಕಕ್ಕೆ ಮಕ್ಕಳನ್ನು ಹೊರಗೆ ಬಿಡುತ್ತಾರೆ. ಹದಿನೈದು ನಿಮಿಷ ತಡವಾದರೆ ತಡದ ದುಡ್ಡು. ಅವಳು ಎರಡು ಸಲ ಕಟ್ಟಿದ್ದಳು. ಇವತ್ತು ಓಡುವ ಬದಲು ಅವಳು ಬೀದಿಯ ಒಂದೊಂದು ಅಂಗಡಿಯ ಮುಂದೂ ನಿಂತು ನಿಂತು ಹೋದಳು. ಕೊಡೆ ರಿಪೇರಿಯವನ ಗೂಡಂಗಡಿ, ಬೀಗದ ಕೈ ಮಾಡುವವನ ಮೇಜು, ಸತ್ತ ಮೀನುಗಳ ತೊಟ್ಟಿಯಂತಿದ್ದ ಒಂದು ಲಾಂಡ್ರಿಯ ಕಿಟಕಿ. ಎದೆ ಹಗುರವಾಗಿರಬೇಕಿತ್ತು. ಏನೋ ಒಂದು ಅರ್ಧಕ್ಕೆ ನಿಂತಂತೆ ಇತ್ತು.

ಅಕ್ಕ ಶಿಶುಗೃಹದ ಮೆಟ್ಟಿಲ ಮೇಲೆ ಕೂತಿದ್ದಳು. ಹೆಗಲ ಮೇಲೆ ಪಾಪು ನಿದ್ದೆ ಹೋಗಿತ್ತು. ಕೆಳಗಿನ ಮೆಟ್ಟಿಲಲ್ಲಿ ಇವಳ ಮಗಳು ಅಕ್ಕನ ಮೊಣಕಾಲಿಗೆ ಒರಗಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ಬಿಚ್ಚಿಹೋಗಿದ್ದ ಜಡೆಯನ್ನು ಅಕ್ಕ ಮತ್ತೆ ಹೆಣೆದಿದ್ದಳು, ಇವಳಿಗಿಂತ ಬಿಗಿಯಾಗಿ, ಸಮವಾಗಿ. ಮಗಳು ಅಮ್ಮನನ್ನು ನೋಡಿಯೂ ಏಳಲಿಲ್ಲ. ಸಹಿ ಹಾಕಿದನಾ ಎಂದು ಅಕ್ಕ ಕೇಳಿದಳು. ಹಾಕಿದ ಎಂದಳು. ಕೊಟ್ಟು ಬಂದೆಯಾ. ಕೊಟ್ಟೆ. ಅಕ್ಕ ಜರುಗಿ ಪಕ್ಕದಲ್ಲಿ ಜಾಗ ಮಾಡಿದಳು. ಅವಳು ಕೂತಳು. ಪಾಪುವಿನ ಒಂದು ಪಾದ ಅಕ್ಕನ ತೋಳಿನಿಂದ ಕೆಳಗೆ ಇಳಿಬಿದ್ದಿತ್ತು, ಅದರ ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು.

“ನಾನು ಒಂದು ಮಾತು ಹೇಳ್ಲಾ,” ಎಂದಳು ಅಕ್ಕ, ಬೀದಿಯ ಕಡೆ ನೋಡುತ್ತಾ. “ನಿನಗೆ ಸಿಕ್ಕಿದ್ರೆ ನನಗೆ ಹೊಟ್ಟೆ ಉರಿಯುತ್ತೆ. ನನಗೆ ಸಿಕ್ಕಿದ್ರೆ ನಿನಗೆ ಉರಿಯುತ್ತೆ. ಉರೀಲಿ. ಅದಕ್ಕೇನು, ಮಾತು ಬಿಡೋದು ಬೇಡ ಆಯ್ತಾ.”

ಇದನ್ನು ಕೇಳಿ ತನ್ನ ಮನಸ್ಸು ಕರಗಿತು, ಅದಕ್ಕೇ ಹೇಳಿಬಿಟ್ಟೆ ಎಂದು ಅವಳು ಮುಂದೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲು ನೋಡಿದಳು. ಹಾಗಲ್ಲ. ಅಕ್ಕ ಅಷ್ಟು ಸುಲಭವಾಗಿ, ತಲೆನೋವು ಎಂದಷ್ಟೇ ಸುಲಭವಾಗಿ ಹೊಟ್ಟೆಯುರಿ ಎಂದದ್ದು ಅವಳಿಗೆ ತಡೆಯಲಾಗಲಿಲ್ಲ. ಅದನ್ನೂ ಅಕ್ಕ ಕೈಯಲ್ಲಿ ಹಿಡಿದು ತೋರಿಸಬಲ್ಲಳು. ತಾನು ಮಾತ್ರ ಅದನ್ನು ಬಿಳಿ ಹಾಳೆಯಲ್ಲಿ ಬರೆದು ಬಂದವಳು. ಈ ಮುಖ ಒಮ್ಮೆಯಾದರೂ ಕದಡುವುದನ್ನು ನೋಡಬೇಕು ಎನ್ನಿಸಿತು. ನಿಮ್ಮ ಹೊಲಿಗೆ ಕೆಲಸದ ವಿಷಯ ಕಚೇರಿಯಲ್ಲಿ ಹೇಳಿ ಬಂದೆ, ಬರೆದು ಸಹಿ ಹಾಕಿ ಬಂದೆ ಎಂದು ಅವಳು ಹೇಳಿದಳು.

ಅಕ್ಕನ ಮುಖ ಕದಡಲಿಲ್ಲ. ಮಗಳು ಬಾಳೆಹಣ್ಣಿನ ಸಿಪ್ಪೆಯನ್ನು ಮೆಟ್ಟಿಲ ಮೇಲೆ ನಕ್ಷತ್ರದ ಹಾಗೆ ಬಿಡಿಸಿಟ್ಟು ನೋಡುತ್ತಿದ್ದಳು. ಆಮೇಲೆ ಅಕ್ಕ ಕೇಳಿದ್ದು ಒಂದೇ: ಕಚೇರಿ ಎಷ್ಟು ಗಂಟೆಗೆ ಮುಚ್ಚುತ್ತೆ. ಐದಕ್ಕೆ. ಅಕ್ಕ ಎದ್ದಳು. ಎದ್ದು ಸುತ್ತ ನೋಡಿದಳು, ಒಳಗೆ ಶಿಶುಗೃಹದವರು ಬಾಗಿಲು ಹಾಕಿಯಾಗಿತ್ತು, ಬೀದಿಯಲ್ಲಿ ಗುರುತಿನವರು ಯಾರೂ ಇರಲಿಲ್ಲ. ಹೆಗಲ ಮೇಲಿನ ಪಾಪುವನ್ನು ಎರಡು ಕೈಯಲ್ಲಿ ಎತ್ತಿ, ಅರೆಗಳಿಗೆ ಹಾಗೇ ಹಿಡಿದು ನಿಂತು, ಅವಳ ಮಡಿಲಲ್ಲಿಟ್ಟಳು. ಚೀಲದಿಂದ ಹಾಲಿನ ಬಾಟಲಿ ತೆಗೆದು ಪಕ್ಕದಲ್ಲಿಟ್ಟಳು. ಓಡಲು ಶುರು ಮಾಡಿದಳು. ಮೂವತ್ತೇಳು ವರ್ಷದ, ಸ್ವಲ್ಪ ಭಾರದ ಹೆಂಗಸು, ಚಪ್ಪಲಿ ಪಟಪಟ ಬಡಿಯುತ್ತಾ, ಒಂದು ಕೈಯಲ್ಲಿ ಚೀಲವನ್ನು ಎದೆಗೊತ್ತಿಕೊಂಡು ಬೀದಿಯ ತಿರುವಿನಲ್ಲಿ ಮರೆಯಾದಳು.

ಪಾಪು ನಿದ್ದೆಯಲ್ಲೇ ಅವಳ ಅಂಗಿಯ ಗುಂಡಿ ಹಿಡಿದುಕೊಂಡಿತು. ಅದರ ತಲೆಯಿಂದ ಬೆವರಿನ, ಹಾಲಿನ ವಾಸನೆ ಬರುತ್ತಿತ್ತು. ಮಗಳು ಮೇಲಿನ ಮೆಟ್ಟಿಲಿಗೆ ಬಂದು ಪಾಪುವಿನ ಕಾಲುಚೀಲವನ್ನು ಎಳೆದು ಹೆಬ್ಬೆರಳನ್ನು ಒಳಗೆ ಸೇರಿಸಲು ನೋಡಿದಳು. ಆಂಟಿ ಯಾಕೆ ಓಡಿದರು ಎಂದು ಕೇಳಿದಳು. ಕೆಲಸ ಇತ್ತು ಎಂದು ಅಮ್ಮ ಹೇಳಿದಳು. ಯಾರು ಕೆಲಸ ಕೊಟ್ಟರು ಎಂದು ಮಗಳು ಕೇಳಿದಳು. ಅವಳು ಪಾಪುವಿನ ತಲೆಯನ್ನು ತೋಳಿನ ಮೇಲೆ ಸರಿ ಮಾಡಿಕೊಂಡಳು. ಅಕ್ಕ ಹೊಡೆದಿದ್ದರೆ, ಬೈದಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಮಗುವನ್ನು ಕೊಟ್ಟು ಹೋದಳಲ್ಲ. ನಂಬಿಕೆಯಿಂದಲ್ಲ, ಬೇರೆ ಯಾರೂ ಇರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ, ಆ ಗುಂಡಿ ಹಿಡಿದ ಬೆರಳುಗಳನ್ನು ನೋಡುತ್ತಾ ಕೂತವಳಿಗೆ ನಾಚಿಕೆಯ ಅಡಿಯಿಂದ ಮತ್ತೆ ಅದೇ ಎದ್ದು ಬಂತು: ಅಕ್ಕನಿಗೆ ಮಗುವನ್ನು ಕೊಟ್ಟು ಓಡಲು ತಾನಿದ್ದೆ. ತನಗೆ ಯಾರಿದ್ದಾರೆ. ಇಷ್ಟು ಮಾಡಿಯೂ ತನ್ನೊಳಗೆ ಅದು ಸಾಯಲಿಲ್ಲವಲ್ಲ ಎಂದು ಅವಳಿಗೆ ಭಯವಾಯಿತು.

ಅಕ್ಕ ಬರುವಾಗ ಐದು ಹೊಡೆದು ಹತ್ತು ನಿಮಿಷ ಆಗಿತ್ತು. ಓಡಿರಲಿಲ್ಲ, ನಡೆದೇ ಬಂದಳು. ಮುಖ ತೊಳೆದುಕೊಂಡಿದ್ದಳು, ಹಣೆಯ ಹತ್ತಿರ ಕೂದಲು ಒದ್ದೆಯಾಗಿತ್ತು. ಅಕ್ಕನೇ, ಪಾಪುವನ್ನು ಎತ್ತಿಕೊಳ್ಳುತ್ತಾ, ಹೇಳಿದಳು. ಅರ್ಜಿ ವಾಪಸ್ ತೆಗೆದುಕೊಂಡಳಂತೆ. ಸಮಿತಿಗೆ ಹೋಗುವ ಮೊದಲೇ ವಾಪಸ್ ತೆಗೆದರೆ ಸುಳ್ಳು ಅರ್ಜಿ ಕೊಟ್ಟಳೆಂದು ಕ್ರಮ ಇಲ್ಲ, ಕಾಲೇಜಿನಿಂದ ತೆಗೆಯುವುದೂ ಇಲ್ಲ ಎಂದು ಗುಮಾಸ್ತೆ ಒಪ್ಪಿಕೊಂಡಳಂತೆ. ಹೊಲಿಗೆಯನ್ನು ಬಿಡಲು ಬರುವುದಿಲ್ಲ. ನೆರವು ವರ್ಷಕ್ಕೊಂದು ಸಲ, ಹೊಲಿಗೆಯಾದರೆ ವಾರ ವಾರ. ಇದನ್ನೆಲ್ಲ ಅಕ್ಕ ಬೆಳಗ್ಗೆ ಮಂಚದ ವಿಷಯ ಹೇಳಿದ ದನಿಯಲ್ಲೇ ಹೇಳಿದಳು. ಇನ್ನು ಒಂದೇ ಅರ್ಜಿ ಉಳಿದಿದೆ ಎಂದಳು.

ಅವಳು ಕೇಳುತ್ತಾ ನಿಂತಿದ್ದಂತೆ ತಲೆಯೊಳಗೆ, ಯಾರೂ ಹೇಳದೆಯೇ, ಲೆಕ್ಕ ಶುರುವಾಯಿತು. ಹನ್ನೊಂದು ಕಂತು, ಶಿಶುಗೃಹ, ಮಗಳಿಗೆ ಶೂ. ಬೇಡ ಬೇಡ ಎಂದರೂ ಅದು ಕೂಡಿಕೊಂಡು ಕಳೆದುಕೊಂಡು ಕೊನೆಗೆ ಸರಿಹೋಯಿತು. ಸ್ವಲ್ಪ ಉಳಿಯಿತು ಕೂಡ. ತಪ್ಪಾಯಿತು ಎನ್ನುವ ಮಾತು ಇಷ್ಟು ಚಿಕ್ಕದೇ ಎನ್ನಿಸಿತು. ಅಕ್ಕ ಆಗಲೇ ಹಾಲಿನ ಬಾಟಲಿಯನ್ನು ಚೀಲದೊಳಗೆ ಹಾಕಿ, ಬಗ್ಗಿ, ಮಗಳ ಜಡೆಯ ತುದಿಯನ್ನು ಒಮ್ಮೆ ಬಿಗಿ ಮಾಡಿ ಎದ್ದಿದ್ದಳು. ಒಂದೂವರೆ ವರ್ಷದಿಂದ, ಮೊದಲ ದಿನ ಮಿಕ್ಕವರಾಗಿ ಜೋಡಿಯಾದಾಗಿನಿಂದ, ನೀನು ಎಂದೇ ಮಾತಾಡಿಸುತ್ತಿದ್ದವಳು ಈಗ ಅವಳ ಮುಖವನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಅಂಗಡಿಯ ಗಲ್ಲಾದಲ್ಲಿ ಕೂತವರು ಗಿರಾಕಿಯನ್ನು ನೋಡುವಂತಿತ್ತು.

“ನೀವಿನ್ನು ಹೊರಡಿ,” ಎಂದಳು ಅಕ್ಕ. “ಮಗುಗೆ ಹಸಿವಾಗಿರುತ್ತೆ.”